ಬೆಳೆಯುವ ಹುಡುಗರಿಗೆ ಹಿರಿಯರ ಆಸರೆ



ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಮನೆಯೊಳಗೆ ಕನ್ನಡ ಅಥವಾ ಉರ್ದು, ಬೀದಿಗೆ ಬಂದರೆ ಮರಾಠಿ ಆಡುವ ಹುಡುಗರು ಬೆಳೆಯುತ್ತಿದ್ದಾರೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವರಿಗೆ ಬುದ್ಧಿ ಹೇಳುವವರು ಬಹಳ, ಜೊತೆಗೆ ಕೂತು ಅವರ ಮಾತು ಕೇಳುವವರು ಕಡಿಮೆ.

ಕೊಲ್ಹಾಪುರದ ಅರಸ ಶಾಹೂ ಮಹಾರಾಜರು ಹುಡುಗರಿಗೆ ಆಸರೆ ಬೇಕೆಂಬುದನ್ನು ಅಂದೇ ಅರಿತಿದ್ದರು. 1901ರಿಂದ ಮರಾಠಾ, ಜೈನ, ಮುಸ್ಲಿಂ, ಲಿಂಗಾಯತ, ದಲಿತ ಹುಡುಗರಿಗಾಗಿ ಒಂದೊಂದಾಗಿ ವಸತಿಗೃಹಗಳು ಅವರ ಆಶ್ರಯದಲ್ಲಿ ತೆರೆದವು. ಹಳ್ಳಿಯಿಂದ ಬಂದ ಹುಡುಗನಿಗೆ ಅಲ್ಲಿ ಅನ್ನದ ಜೊತೆ ಓದಿನ ವಾತಾವರಣವೂ ಸಿಕ್ಕಿತು.

ನಮ್ಮ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. ಮುಂದೆ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರದಲ್ಲಿ ವಸತಿಗೃಹ ತೆರೆದು ಎಲ್ಲ ಜಾತಿ, ಧರ್ಮಗಳ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಆ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿ ತಮ್ಮ ಮಂಗಳಸೂತ್ರವನ್ನೂ ಕೊಟ್ಟರು.

ಅಷ್ಟು ದೊಡ್ಡ ತ್ಯಾಗ ಎಲ್ಲರಿಂದ ಆಗದಿರಬಹುದು. ಆದರೆ ಹತ್ತನೇ ತರಗತಿ ಮುಗಿಸಿ ದಾರಿ ಕಾಣದೆ ನಿಂತ ಹುಡುಗ ನಿಮ್ಮ ಓಣಿಯಲ್ಲೂ ಇರುತ್ತಾನೆ. ವಾರಕ್ಕೊಂದು ತಾಸು ಅವನಿಗೆ ಕೊಡಿ. ಅವನ ಆಸೆ ಏನೆಂದು ಕೇಳಿ. ಕಾಲೇಜಿನ ಅರ್ಜಿ ತುಂಬಲು ಜೊತೆಗೆ ಹೋಗಿ. ಎಡವಿದ ದಿನ ಬೈಯದೆ ಕೈ ಹಿಡಿಯಿರಿ. ಹಾಗೆ ಬೆಳೆದವನು ನಾಳೆ ಇನ್ನೊಬ್ಬನ ಕೈ ಹಿಡಿಯುತ್ತಾನೆ.