ಪ್ರಸಂಗಪೀಠದ ಅತಿಥಿ



ಬರುವ ಭಾನುವಾರ ಹೊರಊರಿನ ಪ್ರಸಂಗಿಯೊಬ್ಬರು ಬರುತ್ತಾರೆ ಎಂದು ಚರ್ಚಿನಲ್ಲಿ ಪ್ರಕಟಣೆ ಆದ ಕೂಡಲೇ ಎರಡು ಪ್ರಶ್ನೆ ಏಳುತ್ತವೆ. ಬಂದವರು ಏನು ಮಾತಾಡುತ್ತಾರೋ? ಅವರನ್ನು ಯಾರ ಮನೆಯಲ್ಲಿ ಇಳಿಸುವುದು? ಮೊದಲನೆಯದು ಸಭಾಪಾಲಕರ ತಲೆನೋವು, ಎರಡನೆಯದು ಯಾವುದೋ ಒಂದು ಅಡುಗೆಮನೆಯದು. ಈ ಎರಡೂ ಚಿಂತೆಗಳು ಕ್ರೈಸ್ತ ಸಭೆಯಷ್ಟೇ ಹಳೆಯವು.

ಅಪೊಸ್ತಲ ಪೌಲನ ಪ್ರಯಾಣಗಳನ್ನೇ ನೋಡಿ. ಪಿಸಿದ್ಯದ ಅಂತಿಯೋಕ್ಯದಲ್ಲಿ ಅವನು ಯೆಹೂದ್ಯರ ಸಭಾಮಂದಿರಕ್ಕೆ ಹೋಗಿ ಕುಳಿತಿದ್ದ. ಶಾಸ್ತ್ರಪಾಠ ಮುಗಿದ ಮೇಲೆ ಅಲ್ಲಿನ ಹಿರಿಯರು, ಜನರಿಗೆ ಬುದ್ಧಿಮಾತೇನಾದರೂ ಇದ್ದರೆ ಹೇಳಿ ಎಂದು ತಾವಾಗಿಯೇ ಕೇಳಿಕೊಂಡರು. ಮುಂದಿನ ಸಬ್ಬತ್ತಿಗೆ ಊರಿಗೆ ಊರೇ ನೆರೆಯಿತು. ಆಮೇಲೆ ವಿರೋಧ ಎದ್ದು ಅತಿಥಿಯನ್ನು ಊರ ಗಡಿಯಿಂದಲೇ ಅಟ್ಟಿದರು. ತ್ರೋವದಲ್ಲಿ ಆದದ್ದು ಬೇರೆ ಬಗೆ. ಅಲ್ಲಿ ಪೌಲ ನಡುರಾತ್ರಿಯವರೆಗೂ ಮಾತಾಡಿದ. ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಹುಡುಗ ಬದುಕಿದ, ಪ್ರಸಂಗ ಬೆಳಗಾಗುವ ತನಕ ಮುಂದುವರಿಯಿತು! ಗಡಿಯಾರ ನೋಡದ ಅತಿಥಿ ಪ್ರಸಂಗಿಗಳಿಗೆ ಪೌಲನೇ ಮೂಲಪುರುಷ ಎಂದರೆ ದೈವಭಕ್ತರು ಬೇಸರಿಸಬಾರದು.

ಇಂಥ ಪ್ರಯಾಣಗಳು ನಿಂತದ್ದು ಮನೆಗಳ ಮೇಲೆ. ಫಿಲಿಪ್ಪಿಯಲ್ಲಿ ಬೆಲೆಬಾಳುವ ಬಣ್ಣದ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಲುದ್ಯ ಎಂಬಾಕೆ ಪೌಲನನ್ನೂ ಅವನ ಜೊತೆಯವರನ್ನೂ ಬಲವಂತವಾಗಿ ತನ್ನ ಮನೆಗೆ ಕರೆದೊಯ್ದಳು. ಅದಕ್ಕೂ ಎಷ್ಟೋ ಹಿಂದೆ, ಶೂನೇಮಿನ ಒಬ್ಬ ಗೃಹಿಣಿ ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿ ಮಂಚ, ಮೇಜು, ಕುರ್ಚಿ, ದೀಪ ಇಡಿಸಿದ್ದಳು. ಇಂದಿಗೂ ಅತಿಥಿಗೆ ಇದಕ್ಕಿಂತ ಹೆಚ್ಚು ಬೇಕಾಗದು. ಫೋನ್ ಚಾರ್ಜಿಗೆ ಒಂದು ಪ್ಲಗ್ ಇದ್ದರಾಯಿತು.

ಆದರೆ ತೆರೆದ ಬಾಗಿಲಿಗೆ ಯಾರು ಬೇಕಾದರೂ ಬರಬಹುದಲ್ಲ? 1873ರಲ್ಲಿ ಫಿಲೊಥೆಯೊಸ್ ಬ್ರೈನಿಯೊಸ್ ಎಂಬ ಗ್ರೀಕ್ ಧರ್ಮಗುರುವಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಂದು ಹಳೆಯ ಹಸ್ತಪ್ರತಿ ಸಿಕ್ಕಿತು. ಅದರಲ್ಲಿ ‘ಡಿಡಾಖೆ’ ಎಂಬ ಪುಟ್ಟ ಕೈಪಿಡಿಯಿತ್ತು. ಸುಮಾರು ಒಂದು–ಎರಡನೇ ಶತಮಾನದ್ದೆಂದು ವಿದ್ವಾಂಸರು ಹೇಳುವ ಈ ಪುಸ್ತಕದ ನಿಯಮಗಳು ಬಹಳ ಖಡಕ್. ಊರೂರು ತಿರುಗುವ ಬೋಧಕ ಬಂದರೆ ಆದರದಿಂದ ಬರಮಾಡಿಕೊಳ್ಳಿ. ಅವನು ಒಂದು ದಿನ ಉಳಿಯಲಿ, ಅಗತ್ಯ ಬಿದ್ದರೆ ಎರಡು ದಿನ. ಮೂರನೇ ದಿನವೂ ಜಾಗ ಬಿಡದಿದ್ದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ. ದುಡ್ಡು ಕೇಳಿದನೋ, ಅವನೂ ಸುಳ್ಳು ಪ್ರವಾದಿಯೇ. ಬೇರೆ ಬಡವರಿಗಾಗಿ ಕೇಳಿದರೆ ಮಾತ್ರ ತೀರ್ಪು ಕೊಡಬೇಡಿ. ನಿಜವಾದ ಪ್ರವಾದಿ ನಿಮ್ಮಲ್ಲೇ ನೆಲೆಸುವುದಾದರೆ ಕಣದ, ದ್ರಾಕ್ಷಿ ಗಾಣದ, ಕೊಟ್ಟಿಗೆಯ ಮೊದಲ ಫಲ ಅವನಿಗೆ ಸಲ್ಲಲಿ. ಎಷ್ಟು ಸಭೆಗಳು ಮೋಸಹೋದ ಮೇಲೆ ಇದನ್ನು ಬರೆದಿರಬೇಕು! ನನ್ನನ್ನು ಕೇಳಿದರೆ, ಈ ವಿಷಯದಲ್ಲಿ ಆಮೇಲೆ ಬಂದ ಯಾವ ಕಾನೂನೂ ಇದರಷ್ಟು ಬುದ್ಧಿವಂತಿಕೆಯದ್ದಲ್ಲ.

ಆಮೇಲಿನ ಕಾನೂನುಗಳಿಗೆ ಕಾಳಜಿ ಇದ್ದದ್ದು ಊಟ–ವಸತಿಯ ಮೇಲಲ್ಲ, ಪೀಠದ ಮೇಲೆ. ಮಧ್ಯಯುಗದಲ್ಲಿ ಫ್ರಾನ್ಸಿಸ್ಕನ್, ಡೊಮಿನಿಕನ್ ಸನ್ಯಾಸಿಗಳು ಊರೂರಿಗೆ ಹೋಗಿ ಬೋಧಿಸತೊಡಗಿದಾಗ ಸ್ಥಳೀಯ ಪಾದ್ರಿಗಳಿಗೆ ಕಸಿವಿಸಿಯಾಯಿತು. 1300ರಲ್ಲಿ ಪೋಪ್ ಎಂಟನೇ ಬೋನಿಫೇಸ್, ಪಾದ್ರಿಯ ಒಪ್ಪಿಗೆಯಿಲ್ಲದೆ ಅವನ ಚರ್ಚಿನಲ್ಲಿ ಸನ್ಯಾಸಿಗಳು ಬೋಧಿಸಕೂಡದು ಎಂದು ಗೆರೆ ಎಳೆದರು. ಇಂಗ್ಲೆಂಡಿನ ಚರ್ಚು 1604ರ ನಿಯಮಾವಳಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊರಗಿನಿಂದ ಬಂದ ಪ್ರತಿ ಪ್ರಸಂಗಿಯೂ ಚರ್ಚಿನಲ್ಲಿಟ್ಟ ಪುಸ್ತಕದಲ್ಲಿ ತನ್ನ ಹೆಸರು, ಬೋಧಿಸಿದ ದಿನ, ಅನುಮತಿ ಕೊಟ್ಟ ಬಿಷಪ್ಪರ ಹೆಸರು ಬರೆಯಬೇಕಿತ್ತು. ಲಾಡ್ಜಿನ ರಿಜಿಸ್ಟರಿನಂಥ ಆ ಪುಸ್ತಕಗಳಲ್ಲಿ ಕೆಲವು ಅಲ್ಲಿನ ದಾಖಲೆ ಭಂಡಾರಗಳಲ್ಲಿ ಇವತ್ತಿಗೂ ಇವೆ.

ಕಾವಲು ಅತಿಯಾದಾಗ ಪ್ರಸಂಗವೇ ಹೊರಗೆ ಹೋಯಿತು. ಚರ್ಚುಗಳು ಒಂದೊಂದಾಗಿ ಮುಚ್ಚಿಕೊಂಡಾಗ ಪ್ರಸಂಗಿ ಜಾರ್ಜ್ ವೈಟ್‌ಫೀಲ್ಡ್ 1739ರಲ್ಲಿ ಬ್ರಿಸ್ಟಲ್ ಸಮೀಪದ ಕಿಂಗ್ಸ್‌ವುಡ್‌ನ ಬಯಲಿನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬೋಧಿಸಿದರು. ಕೆಲವೇ ವಾರಗಳಲ್ಲಿ ಜಾನ್ ವೆಸ್ಲಿಯೂ ಬಯಲಿಗಿಳಿದರು. 1742ರಲ್ಲಿ ವೆಸ್ಲಿ ತಮ್ಮ ಹುಟ್ಟೂರು ಎಪ್‌ವರ್ತ್‌ಗೆ ಹೋದರು. ತಂದೆ ದಶಕಗಳ ಕಾಲ ಪಾದ್ರಿಯಾಗಿದ್ದ ಚರ್ಚಿನಲ್ಲೇ ಆಗಿನ ಪಾದ್ರಿ ಅವರಿಗೆ ಪೀಠ ಕೊಡಲಿಲ್ಲ. ಹೊರಗೆ ಬಂದು ತಂದೆಯ ಸಮಾಧಿಯ ಕಲ್ಲಿನ ಮೇಲೆ ನಿಂತು ಬೋಧಿಸಿದರು. ಅತಿಥಿಗೆ ಬಾಗಿಲು ಹಾಕಿದ ಆ ಪಾದ್ರಿಯನ್ನು ಚರಿತ್ರೆ ನೆನೆಯುವುದು ಅದೊಂದೇ ಕಾರಣಕ್ಕೆ. ಅದೇ ಕಾಲದಲ್ಲಿ ಕಾರ್ನ್‌ವಾಲ್‌ನ ಟ್ರೂಯಿಂಟ್ ಎಂಬ ಹಳ್ಳಿಯ ಕಲ್ಲುಕುಟಿಗ ಡಿಗರಿ ಇಸ್ಬೆಲ್, ಶೂನೇಮಿನವಳ ಕಥೆ ಓದಿ ತನ್ನ ಮನೆಗೆ ಪ್ರಸಂಗಿಗಳಿಗೆಂದೇ ಒಂದು ಭಾಗ ಸೇರಿಸಿ ಕಟ್ಟಿದ. ಆ ಮನೆ ಇನ್ನೂ ನಿಂತಿದೆ.

ನಮ್ಮ ಕಡೆ ಈ ಚರಿತ್ರೆ ಸ್ವಲ್ಪ ತಿರುಗುಮುರುಗು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ತಾವೇ ಪರದೇಶದ ಅತಿಥಿಗಳು. ಕ್ರಮೇಣ ಅವರ ಮಿಶನ್ ಇಲ್ಲೇ ಆತಿಥೇಯವಾಯಿತು. ಕೇರಳದಲ್ಲಿ 1895ರಿಂದ ಪಂಪಾ ನದಿಯ ಮರಳಿನ ಮೇಲೆ ನಡೆಯುತ್ತಿರುವ ಮಾರಾಮನ್ ಸಮ್ಮೇಳನವಂತೂ ಅತಿಥಿ ಪ್ರಸಂಗಿಗಳ ಜಾತ್ರೆಯೇ ಸರಿ. ಅಮೆರಿಕದ ಸ್ಟಾನ್ಲಿ ಜೋನ್ಸ್ ಅಲ್ಲಿಗೆ ಮತ್ತೆ ಮತ್ತೆ ಬಂದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ, ಬೇರೆ ಬೇರೆ ಪರಂಪರೆಯ ಪೀಠಗಳ ನಡುವಿನ ಗೋಡೆ ಬಹುಮಟ್ಟಿಗೆ ಬಿತ್ತು. ಕಥೋಲಿಕರಲ್ಲಿ ಬಲಿಪೂಜೆಯ ಪ್ರಬೋಧನೆ ಇಂದಿಗೂ ಗುರು ಅಥವಾ ಡೀಕನ್‌ಗೆ ಮೀಸಲು. ಆದರೂ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ನೊವೇನಾಕ್ಕೆ ಹೊರಗಿನ ಗುರುಗಳನ್ನು ಕರೆಸುವುದು ಕರಾವಳಿಯಲ್ಲಿ ರೂಢಿ. ವಿದೇಶಿ ಪ್ರಸಂಗಿಯನ್ನು ಕರೆಸುವವರು ಒಂದು ಮಾತು ತಿಳಿದಿರಬೇಕು: ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಧರ್ಮಬೋಧನೆ ಮಾಡುವಂತಿಲ್ಲ.

ಬೆಳೆ ಹಬ್ಬ ನಮ್ಮಲ್ಲಿ ಅತಿಥಿ ಪ್ರಸಂಗಿಯನ್ನು ಕರೆಸುವ ದಿನಗಳಲ್ಲೊಂದು. ಮೊದಲ ಫಲವೆಂದು ತಂದ ತೆಂಗಿನಕಾಯಿ, ಕುಂಬಳ, ಬಾಳೆಗೊನೆ ಆರಾಧನೆಯ ನಂತರ ಏಲಂ ಆಗುತ್ತವೆ. ಬಂದವರು ಇಂಗ್ಲಿಷಿನಲ್ಲಿ ಮಾತಾಡಿದರೆ ಪಕ್ಕದಲ್ಲಿ ಭಾಷಾಂತರಕಾರರು ನಿಲ್ಲುತ್ತಾರೆ, ಇಪ್ಪತ್ತು ನಿಮಿಷದ ಪ್ರಸಂಗ ನಲವತ್ತಾಗುತ್ತದೆ. ಇದು ಮೊದಲೇ ಗೊತ್ತಿರುವ ಲೆಕ್ಕ. ಆದರೂ ಅತಿಥಿಗೆ ಹೇಳಲು ಎಲ್ಲರಿಗೂ ಸಂಕೋಚ.

ಸಭಾ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಆ ಸಂಕೋಚ ಬಿಡಿ. ಎಷ್ಟು ಹೊತ್ತು ಮಾತಾಡಬೇಕು, ಯಾವ ವಾಕ್ಯಭಾಗ, ಎಲ್ಲಿ ಇಳಿಯುವುದು ಎಂದು ಕರೆಯುವಾಗಲೇ ತಿಳಿಸಿ. ಪ್ರಯಾಣದ ಖರ್ಚನ್ನು ಅವರು ಕೇಳುವ ಮೊದಲೇ ಕವರಿನಲ್ಲಿ ಹಾಕಿ ಕೊಡಿ. ವಂದನಾರ್ಪಣೆಯಲ್ಲಿ ಪ್ರಸಂಗಿಯ ಹೆಸರಿನ ಜೊತೆಗೆ, ಅವರಿಗೆ ಹಾಸಿಗೆ ಹಾಸಿ ಊಟ ಬಡಿಸಿದ ಮನೆಯವರ ಹೆಸರನ್ನೂ ಹೇಳಿ.