ಬಡಯಂತ್ರದ ಭಾಷೆ



ಕಿರಿಯ ಗಣಕಯಂತ್ರಕ್ಕೆಂದು ಫಂಕ್ಷನಲ್ ಭಾಷೆಯೊಂದನ್ನು ರಚಿಸಹೊರಟವನು ಮೊದಲು ಕೇಳಬೇಕಾದ ಆಕ್ಷೇಪವೆಂದರೆ, ಒಮ್ಮೆ ಕೊಟ್ಟ ಬೆಲೆಯನ್ನು ಬದಲಿಸಲೊಲ್ಲದ ಇಂಥ ಭಾಷೆ ಸ್ಮೃತಿಸಂಪನ್ನವಾದ ಯಂತ್ರಗಳ ವಿಲಾಸವೇ ಹೊರತು ಬಡಯಂತ್ರಕ್ಕೆ ಸಲ್ಲತಕ್ಕದ್ದಲ್ಲ ಎಂಬುದು. ಈ ವಾದವನ್ನು ನಾನು ಒಪ್ಪಲಾರೆ. ಬೆಲೆಯನ್ನು ಬದಲಿಸದಿರುವ ಆ ವ್ರತ ಬಡವನಿಗೇ ಹೆಚ್ಚು ಉಪಕಾರಿಯೆಂಬುದು ನನ್ನ ದೃಢವಾದ ನಂಬಿಕೆ.

1981ರ ಬಿಬಿಸಿ ಮೈಕ್ರೋ ಯಂತ್ರದ ಮಾಡೆಲ್ ಬಿಯನ್ನೇ ತೆಗೆದುಕೊಳ್ಳೋಣ. ಅದರ ಸ್ಮೃತಿ 32 ಕಿಲೋಬೈಟ್. ಸೊನ್ನೆಯ ಮೋಡಿನಲ್ಲಿ ಪರದೆಯೊಂದೇ 20 ಕಿಲೋಬೈಟನ್ನು ನುಂಗಿದರೆ, ಏಳನೆಯ ಮೋಡಿನಲ್ಲಿ ಒಂದಕ್ಕೇ ತೃಪ್ತಿಪಡುತ್ತದೆ. ಭಾಷಾಕಾರನು ಆ ಏಳನೆಯದನ್ನೇ ಆಯ್ದು 16 ಕಿಲೋಬೈಟನ್ನು ಪಟ್ಟಿಗಳಿಗೆ ಮೀಸಲಿಟ್ಟನೆನ್ನಿ. ಕೋಶವೊಂದಕ್ಕೆ 4 ಬೈಟು: ಅರ್ಧದಲ್ಲಿ ಅಂಶದ ವಿಳಾಸ, ಅರ್ಧದಲ್ಲಿ ಮುಂದಿನ ಕೋಶದ ವಿಳಾಸ; ಒಟ್ಟು 4096 ಕೋಶ. ಈ ದ್ವಿದಳ ಕೋಶ ಜಾನ್ ಮೆಕಾರ್ಥಿಯವರ ಲಿಸ್ಪ್ ಭಾಷೆ ನಮಗೆ ಬಿಟ್ಟುಹೋದ ಆಸ್ತಿ. ಐಬಿಎಂ 704 ಯಂತ್ರದ 36 ಬಿಟ್ಟಿನ ಪದದೊಳಗಿದ್ದ ಎರಡು ಭಾಗಗಳಿಂದಲೇ ಕೋಶದ ಎರಡು ಅರ್ಧಗಳಿಗೆ ಅಲ್ಲಿನ ಕಾರ್, ಕುಡರ್ ಎಂಬ ಹೆಸರುಗಳು ಹುಟ್ಟಿದವು.

ಈಗ ಸಾವಿರ ಅಂಶಗಳ ಪಟ್ಟಿಯೊಂದಿದೆ. ಅದರ ಮುಂದೆ ಇನ್ನೊಂದಂಶವನ್ನಿಟ್ಟ ಹೊಸ ಪಟ್ಟಿಯೂ ಬೇಕು, ಹಳೆಯದೂ ಉಳಿಯಬೇಕು. ಯಾರು ಯಾವಾಗ ಏನನ್ನು ತಿದ್ದುವರೋ ತಿಳಿಯದ ಭಾಷೆಯಲ್ಲಿ ಜಾಗರೂಕನಾದವನು ಸಾವಿರ ಕೋಶಗಳನ್ನೂ ನಕಲು ಮಾಡಿ, ಇದ್ದ ಸ್ಥಳದ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತಾನೆ. ತಿದ್ದುವಿಕೆಯೇ ಇಲ್ಲದ ಭಾಷೆಯಲ್ಲಾದರೋ ಒಂದೇ ಕೋಶ, ನಾಲ್ಕೇ ಬೈಟು ಸಾಕು; ಹಳೆಯ ಗೋಡೆಗೆ ಆನಿಸಿ ಹೊಸ ಕೋಣೆ ಕಟ್ಟಿದಂತೆ, ಎರಡೂ ಪಟ್ಟಿಗಳು ಒಂದೇ ಒಡಲನ್ನು ಹಂಚಿಕೊಂಡು ನಿಲ್ಲುತ್ತವೆ.

ಕಷ್ಟವಿರುವುದು, ಕಾರ್ಯವೊಂದು ತನ್ನನ್ನೇ ಮತ್ತೆ ಕರೆಯುವ ಪುನರಾವರ್ತನದಲ್ಲಿ. ಈ ಯಂತ್ರದ 6502 ಸಂಸ್ಕಾರಕದಲ್ಲಿ ಕರೆಗಳ ಲೆಕ್ಕವಿಡುವ ಸ್ಟ್ಯಾಕ್ ಕೇವಲ 256 ಬೈಟಿನದು, ಕರೆಯೊಂದು ಹಿಂದಿರುಗುವ ವಿಳಾಸಕ್ಕೇ ಎರಡನ್ನು ಬೇಡುತ್ತದೆ. ಪಟ್ಟಿಯ ಮೊತ್ತವನ್ನು ‘ಮೊದಲನೆಯದು ಕೂಡಿಸು ಉಳಿದವುಗಳ ಮೊತ್ತ’ ಎಂದು ಬರೆದರೆ ಒಂದೊಂದು ಅಂಶಕ್ಕೂ ಒಂದೊಂದು ಕೂಡಿಕೆ ಬಾಕಿ ನಿಲ್ಲುತ್ತದೆ. ಇದುವರೆಗಿನ ಮೊತ್ತವನ್ನು ಕೈಯಲ್ಲಿ ಹಿಡಿದೇ ಮುಂದೆ ನಡೆದರೆ ಬಾಕಿಯೇ ಇಲ್ಲ, ಕೊನೆಯ ಕರೆ ಬರಿಯ ನೆಗೆತವಾಗುತ್ತದೆ. 1975ರಲ್ಲಿ ಸಸ್‌ಮನ್ ಮತ್ತು ಸ್ಟೀಲ್ ಅವರು ಸ್ಕೀಮ್ ಭಾಷೆಯಲ್ಲಿ ಕಂಡುಕೊಂಡ ಈ ಶಿಸ್ತನ್ನು ಬಿಟ್ಟ ಕಿರುಭಾಷೆ ಬಾಳಲಾರದು.

ಬಳಸಿ ಬಿಟ್ಟ ಕೋಶಗಳನ್ನು ಮರಳಿ ಪಡೆಯಲು ಇನ್ನೂ ಬಳಕೆಯಲ್ಲಿರುವವನ್ನು ಒಂದೊಂದಾಗಿ ಹಿಂಬಾಲಿಸಿ ಗುರುತಿಸಬೇಕು; ಅಲ್ಲಿಯೂ ಸ್ಟ್ಯಾಕಿನ ದಾರಿದ್ರ್ಯವೇ ಅಡ್ಡಬರುತ್ತದೆ. ಹೋದ ದಾರಿಯ ಗುರುತನ್ನು ಆಯಾ ಕೋಶದಲ್ಲಿಯೇ ಹಿಮ್ಮುಖವಾಗಿ ಬರೆದಿಟ್ಟು, ಮರಳುವಾಗ ಅದನ್ನು ಯಥಾಸ್ಥಿತಿಗೆ ತರುತ್ತ ಬರುವ ಶೋರ್ ಮತ್ತು ವೇಟ್ ಅವರ 1967ರ ವಿಧಾನ ಇಂಥಲ್ಲಿಗೆ ಹೇಳಿ ಮಾಡಿಸಿದಂತಿದೆ. ಬಳಸಿ ಬಿಟ್ಟ ಕೋಶಗಳನ್ನು ಕಸವೆಂದು ಕರೆಯುವುದು ರೂಢಿ. ನನಗೆ ನಿರ್ಮಾಲ್ಯವೆಂಬ ಮಾತೇ ಉಚಿತವೆಂದು ತೋರುತ್ತದೆ. ಪೂಜೆ ಮುಗಿಸಿ ಇಳಿದ ಹೂವನ್ನು ನಾವು ಕಸವೆನ್ನುವುದಿಲ್ಲವಷ್ಟೆ.

ದಶಾಂಶ ಸಂಖ್ಯೆ, ದೀರ್ಘನಾಮ, ವಿಸ್ತಾರವಾದ ದೋಷಸೂಚನೆ ಇವೆಲ್ಲವನ್ನೂ ಬಿಟ್ಟುಕೊಡಲು ನಾನು ಸಿದ್ಧ. ಬೇಕಾಗುವವರೆಗೆ ಲೆಕ್ಕವನ್ನು ತಡೆದಿಡುವ ಪದ್ಧತಿಯೊಂದರ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ತೂಗುಯ್ಯಾಲೆಯಾಗಿದೆ: ಮುಗಿಯದ ಲೆಕ್ಕಗಳು ಎಷ್ಟು ಕೋಶಗಳನ್ನು ಹಿಡಿದು ಕುಳಿತಿವೆಯೆಂದು ಮುಂಗಾಣುವುದು ದುಸ್ಸಾಧ್ಯವಾದ್ದರಿಂದ ನಾನು ಅದನ್ನು ಸೇರಿಸಲಾರೆ, ಆದರೂ 1979ರಲ್ಲಿ ಡೇವಿಡ್ ಟರ್ನರ್ ಅವರು ಅದನ್ನೇ ಸಂಯೋಜಕಗಳೆಂಬ ಕೆಲವೇ ಮೂಲ ಕಾರ್ಯಗಳಿಂದ ಎಷ್ಟು ಅಚ್ಚುಕಟ್ಟಾಗಿ ನಡೆಸಿ ತೋರಿಸಿದರೆಂದರೆ, ಅವರ ಪಕ್ಷವನ್ನು ಹಿಡಿದು ಇಂದು ಮಾತನಾಡುವವರಿಗೆ ನನ್ನ ಪೂರ್ಣವಾದ ಕಿವಿಯುಂಟು.