ಅಮ್ಮನ ರಿಪೋರ್ಟ್‌ನಲ್ಲಿ ಕೆಂಪು ಬಣ್ಣದ 11.2

ಇವತ್ತು ಒಂದೇ ಒಂದು ನಂಬರ್ ಬಗ್ಗೆ ಮಾತಾಡ್ತೀನಿ. 11.2.

ನಮ್ಮಮ್ಮ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗ್ತಾರೆ. ಕಳೆದ ತಿಂಗಳು ಅವರ ಬ್ಲಡ್ ರಿಪೋರ್ಟ್ ನನ್ನ ಮೊಬೈಲ್‌ಗೆ ಬಂತು. ಹಿಮೋಗ್ಲೋಬಿನ್ 11.2, ಕೆಂಪು ಅಕ್ಷರದಲ್ಲಿ, ಪಕ್ಕದಲ್ಲಿ ‘ಲೋ’. ಹೆಂಗಸರಿಗೆ 12 ಇರಬೇಕು ಅನ್ನೋದು ನನಗೂ ಗೊತ್ತು. ಆದ್ರೆ ಅದೇ ವಾರ ಡಾಕ್ಟ್ರು ಅಮ್ಮನ ಇಂಜೆಕ್ಷನ್ ಡೋಸ್ ಇಳಿಸಿದ್ರು! ಕಡಿಮೆ ಇರುವಾಗ ಔಷಧಿ ಕಡಿಮೆ ಮಾಡೋದಾ? ದುಡ್ಡು ಉಳಿಸ್ತಿದ್ದಾರೆ ಅಂತ ಅನುಮಾನ ಬಂತು. ಜಗಳಕ್ಕೇ ಹೋದೆ.

“ಕೂತ್ಕೊಳ್ಳಪ್ಪಾ” ಅಂದ್ರು ಡಾಕ್ಟ್ರು.

ಅವರು ಹೇಳಿದ್ದು ಇದು. ಕಿಡ್ನಿ ಬರೀ ರಕ್ತ ಸೋಸೋದಲ್ಲ, ಎರಿತ್ರೋಪೊಯೆಟಿನ್ ಅನ್ನೋ ಹಾರ್ಮೋನ್ ಕೂಡ ತಯಾರಿಸುತ್ತೆ. ಮೂಳೆಯೊಳಗಿನ ಮಜ್ಜೆಗೆ ‘ಕೆಂಪು ರಕ್ತಕಣ ಮಾಡು’ ಅಂತ ಹೇಳೋದು ಅದೇ. ಕಿಡ್ನಿ ಸೋತರೆ ಹಾರ್ಮೋನ್ ಕಡಿಮೆ, ರಕ್ತವೂ ಕಡಿಮೆ. ಆಗ ದೇಹಕ್ಕೆ ಆಮ್ಲಜನಕ ಮುಟ್ಟಿಸೋಕೆ ಹೃದಯ ಹೆಚ್ಚು ದುಡಿಯಬೇಕು. ವರ್ಷಗಟ್ಟಲೆ ಹೀಗೇ ದುಡಿದ್ರೆ ಹೃದಯದ ಗೋಡೆ ದಪ್ಪವಾಗುತ್ತೆ. ಕಿಡ್ನಿ ರೋಗಿಗಳಲ್ಲಿ ಎಷ್ಟೋ ಜನರ ಜೀವ ಹೋಗೋದು ಹೃದಯದ ತೊಂದರೆಯಿಂದಲೇ. ರಕ್ತಹೀನತೆ ಹೆಚ್ಚಿದ್ದವರಲ್ಲಿ ಸಾವಿನ ಅಪಾಯವೂ ಹೆಚ್ಚು.

ಹಾಗಾದ್ರೆ ಇಂಜೆಕ್ಷನ್ ಕೊಟ್ಟು 13, 14ಕ್ಕೆ ಏರಿಸಿದ್ರೆ ಆಯ್ತಲ್ಲ? ನಾನೂ ಅದನ್ನೇ ಕೇಳಿದೆ. ವೈದ್ಯಲೋಕವೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿತ್ತು. ಈ ಹಾರ್ಮೋನ್‌ನ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1989ರಲ್ಲಿ. ಆಮೇಲೆ ಹೃದಯದ ಕಾಯಿಲೆಯೂ ಇದ್ದ 1,233 ಡಯಾಲಿಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ರಕ್ತವನ್ನು ಆರೋಗ್ಯವಂತರ ಮಟ್ಟಕ್ಕೆ ಏರಿಸಲು ನೋಡಿದರು. ಆ ಗುಂಪಿನಲ್ಲೇ ಸಾವು ಹೆಚ್ಚು ಕಂಡಿತು, ಪ್ರಯೋಗ ಮಧ್ಯದಲ್ಲೇ ನಿಂತಿತು. ಅದರ ವರದಿ ಬಂದದ್ದು 1998ರಲ್ಲಿ. 2006ರಲ್ಲಿ ಪ್ರಕಟವಾದ ‘ಕಾಯರ್’ ಅಧ್ಯಯನದಲ್ಲಿ 13.5ರ ಗುರಿ ಇದ್ದವರಿಗೆ 11.3ರ ಗುರಿ ಇದ್ದವರಿಗಿಂತ ಸಾವು ಮತ್ತು ಹೃದಯದ ತೊಂದರೆ ಹೆಚ್ಚು. 2009ರ ‘ಟ್ರೀಟ್’ ಅಧ್ಯಯನದಲ್ಲಿ, ಶುಗರ್ ಜೊತೆ ಕಿಡ್ನಿ ಕಾಯಿಲೆ ಇದ್ದವರಲ್ಲಿ, ಪಾರ್ಶ್ವವಾಯು ಸುಮಾರು ಎರಡು ಪಟ್ಟು.

ಡೋಸ್ ಹೆಚ್ಚಾದ್ರೆ ಬಿಪಿ ಏರಬಹುದು, ರಕ್ತ ಹೆಪ್ಪುಗಟ್ಟೋ ಅಪಾಯವೂ ಹೆಚ್ಚು. ಅದಕ್ಕೇ ಸಾಮಾನ್ಯವಾಗಿ 10ರಿಂದ 11.5ರ ಆಸುಪಾಸಿನಲ್ಲಿ ನಿಲ್ಲಿಸ್ತಾರೆ. “ನಿನ್ನ ಮೊಬೈಲ್‌ನ ಕೆಂಪು ಗುರುತು ಆರೋಗ್ಯವಂತರ ಲೆಕ್ಕ. ನಿಮ್ಮಮ್ಮನ ಲೆಕ್ಕ ಬೇರೆ” ಅಂದ್ರು. ಒಂದೇ ತಿಂಗಳಲ್ಲಿ ಅಮ್ಮ 9.6ರಿಂದ 11.2ಕ್ಕೆ ಏರಿದ್ದರು. ಆ ಓಟಕ್ಕೇ ಬ್ರೇಕ್ ಹಾಕಿದ್ದು. ನನಗೆ ನಾಚಿಕೆ ಆಯ್ತು.

ಇನ್ನೊಂದು ವಿಷಯ. ಕಬ್ಬಿಣಾಂಶ ಇಲ್ಲದೆ ಇಂಜೆಕ್ಷನ್ ಒಂದೇ ಕೆಲಸ ಮಾಡಲ್ಲ. ಬ್ರಿಟನ್‌ನಲ್ಲಿ 2,141 ಡಯಾಲಿಸಿಸ್ ರೋಗಿಗಳ ಮೇಲೆ ನಡೆದ ‘ಪಿವೋಟಲ್’ ಅಧ್ಯಯನದಲ್ಲಿ, ನರದ ಮೂಲಕ ಕಬ್ಬಿಣಾಂಶವನ್ನು ಮುಂಚಿತವಾಗಿ, ಹೆಚ್ಚು ಪ್ರಮಾಣದಲ್ಲಿ ಕೊಟ್ಟವರಿಗೆ ಹಾರ್ಮೋನ್ ಇಂಜೆಕ್ಷನ್ ಕಡಿಮೆ ಸಾಕಾಯ್ತು. ಸಾವು ಮತ್ತು ಹೃದಯದ ತೊಂದರೆಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಅವೂ ಕಡಿಮೆ ಇದ್ದವು. ಹಾಗಂತ ಅತ್ತೆ, ಚಿಕ್ಕಮ್ಮ ಹೇಳಿದ ಬೀಟ್‌ರೂಟ್, ದಾಳಿಂಬೆ ಜ್ಯೂಸ್ ಶುರು ಮಾಡಬೇಡಿ. ಅವುಗಳಲ್ಲಿರೋ ಪೊಟ್ಯಾಸಿಯಂ ಡಯಾಲಿಸಿಸ್ ರೋಗಿಯ ಹೃದಯಕ್ಕೇ ಅಪಾಯ ತರಬಹುದು.

ನಿಮ್ಮ ಮನೆಯಲ್ಲೂ ಕಿಡ್ನಿ ರೋಗಿ ಇದ್ದರೆ ಡಾಕ್ಟ್ರನ್ನ ಮೂರು ಪ್ರಶ್ನೆ ಕೇಳಿ. ಇವರ ಹಿಮೋಗ್ಲೋಬಿನ್ ಗುರಿ ಎಷ್ಟು? ಫೆರಿಟಿನ್, ಅಂದರೆ ಕಬ್ಬಿಣಾಂಶದ ದಾಸ್ತಾನು, ಹೇಗಿದೆ? ಇಂಜೆಕ್ಷನ್ ಆದ ಮೇಲೆ ಬಿಪಿ ಹೇಗಿದೆ?

ಅಮ್ಮ ನಿನ್ನೆ ನಿಲ್ಲದೆ ಮೆಟ್ಟಿಲು ಹತ್ತಿದ್ರು. ರಿಪೋರ್ಟ್ ಇನ್ನೂ ಕೆಂಪಾಗೇ ಇದೆ. ಇರಲಿ ಬಿಡಿ.